ನಾಳೆಯ ಸಭೆಯ ನಡಾವಳಿ

ಸಭೆ ಮುಗಿದ ಮೇಲೆ ನಡಾವಳಿ ಬರೆಯುವವನು ಹೊಸಬ ಎಂಬುದು ನನ್ನ ಬಲವಾದ ನಂಬಿಕೆಯಾಗಿತ್ತು. ರೇಷ್ಮೆ ಬೆಳೆಗಾರರ ಸಂಘವೊಂದಕ್ಕೆ ಇಪ್ಪತ್ತೆರಡು ವರ್ಷಗಳಿಂದ ಕಾರ್ಯದರ್ಶಿಯಾಗಿರುವ ನಾನು ಅದನ್ನು ಹಿಂದಿನ ದಿನವೇ, ಮಧ್ಯಾಹ್ನದ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಸಮಾಧಾನವಾಗಿ ಬರೆದಿಡುತ್ತಿದ್ದೆ. ಮರುದಿನ ಸಭೆ ಅದರ ಪಾಡಿಗೆ ಅದು ನಡೆಯುತ್ತಿತ್ತು. ಕೊನೆಗೆ ಎಲ್ಲರೂ ಪುಸ್ತಕಕ್ಕೆ ಸಹಿ ಹಾಕಿ ಹೋಗುತ್ತಿದ್ದರು. ಬರೆದದ್ದನ್ನೂ ನಡೆದದ್ದನ್ನೂ ತಾಳೆ ನೋಡಿದವರು ಯಾರೂ ಇರಲಿಲ್ಲ.

ಇದರಲ್ಲಿ ಮೋಸವಿದೆ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ನಿಜವಾದ ಸಭೆ ಹೇಗಿರುತ್ತದೆ ಎಂಬುದು ಕೂತವರಿಗೇ ಗೊತ್ತು. ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ ನಮ್ಮ ಆಫೀಸು. ಹತ್ತಕ್ಕೆ ಕರೆದರೆ ಹನ್ನೊಂದಕ್ಕೆ ಸೇರುತ್ತಾರೆ. ಯಾರ ಮಗಳಿಗೆ ಗಂಡು ಗೊತ್ತಾಯಿತು, ರಾಮಾಪುರದ ಕಡೆ ಆನೆ ಯಾರ ಜೋಳಕ್ಕೆ ನುಗ್ಗಿತು ಎಂದು ಒಂದು ಗಂಟೆ. ಬಜ್ಜಿ, ಕಾಫಿ ಅರ್ಧ ಗಂಟೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ನಿಂತು ಎಲ್ಲರೂ ಒಟ್ಟಿಗೆ ಮಾತಾಡುವ ಹತ್ತು ನಿಮಿಷವೇ ಸಭೆ. ಈ ಗದ್ದಲಕ್ಕೆ ಪಂಚೆ ಉಡಿಸಿ, ಶಲ್ಯ ಹೊದಿಸಿ, ‘ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಮರ್ಯಾದೆಯಿಂದ ಕೂರಿಸುತ್ತಿದ್ದವನು ನಾನು. ನನ್ನ ಅಕ್ಷರವೂ ದುಂಡಗಿತ್ತು. ಹೆಮ್ಮೆಯೂ ಅಷ್ಟೇ ದುಂಡಗಿತ್ತು.

ಒಬ್ಬೊಬ್ಬ ನಿರ್ದೇಶಕರಿಗೂ ಒಂದೊಂದು ಮಾತನ್ನು ಕಾಯಂ ಮಾಡಿಟ್ಟಿದ್ದೆ. ಯಳಂದೂರಿನ ಅಧ್ಯಕ್ಷರು ಯಾವಾಗಲೂ ‘ಮನಮುಟ್ಟುವಂತೆ’ ಮಾತಾಡುತ್ತಿದ್ದರು. ರಾಮಾಪುರದ ನಿರ್ದೇಶಕರು ಯಾವಾಗಲೂ ‘ಅನಿವಾರ್ಯ ಕಾರಣದಿಂದ ಮಧ್ಯದಲ್ಲಿ ನಿರ್ಗಮಿಸುತ್ತಿದ್ದರು’. ಶಾಗ್ಯದಿಂದ ಬರುತ್ತಿದ್ದ ಹೆಂಗಸು, ಐವತ್ತು ದಾಟಿದವರು, ಮಹಿಳಾ ಸ್ಥಾನದಿಂದ ಆರಿಸಿ ಬಂದವರು, ಯಾವಾಗಲೂ ‘ಅನುಮೋದಿಸುತ್ತಿದ್ದರು’. ಅವರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಕಾಫಿ ಕುಡಿದು, ಸಹಿ ಹಾಕಿ ಹೋಗುವವರು. ಮಾತಾಡಿದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ.

ಕೊರೋನಾದಲ್ಲಿ ನಮ್ಮ ಸಭೆಗಳು ಫೋನಿನೊಳಕ್ಕೆ ಹೋದವು. ಕೊರೋನಾ ಹೋದ ಮೇಲೂ ಅವು ಈಚೆಗೆ ಬರಲಿಲ್ಲ. ರಾಮಾಪುರದವರಿಗೆ ಒಂದು ಸಭೆ ಅಂದರೆ ಒಂದು ದಿನದ ಗೇಯ್ಮೆ ಹಾಳು, ಮನೆಯಲ್ಲೇ ಕೂತು ಮುಗಿಸಿದರೆ ಯಾರಿಗೆ ಬೇಡ? ಸಂಘಕ್ಕೆ ಒಂದು ಲ್ಯಾಪ್‌ಟಾಪು ಬಂತು. ನನಗೆ ಒಂದು ದಿನದ ತರಬೇತಿಯೂ ಆಯಿತು. ಕಲಿಸಿದಾಕೆ ನನ್ನ ಮಗಳಿಗಿಂತ ಚಿಕ್ಕವಳು. ಮೂರು ವಿದ್ಯೆ ಹೇಳಿಕೊಟ್ಟಳು: ಬೇರೆಯವರನ್ನು ಮ್ಯೂಟ್ ಮಾಡುವುದು, ನೋಟ್ಸ್ ತಾನಾಗಿಯೇ ಬರೆಸುವುದು, ನಮ್ಮ ಸ್ಕ್ರೀನನ್ನು ಎಲ್ಲರಿಗೂ ತೋರಿಸುವುದು.

ಮೊದಲ ವಿದ್ಯೆ ನನಗೆ ತಕ್ಷಣ ಕೈಗೆ ಹತ್ತಿತು. ಇಪ್ಪತ್ತು ವರ್ಷದಿಂದ ಮನಸ್ಸಿನಲ್ಲಿ ಬಯಸಿದ್ದು ಅದನ್ನೇ. ಹೆಚ್ಚಾಗಿ ಅದು ಶಾಗ್ಯದ ಅಮ್ಮನ ಮೇಲೆ ಬಳಕೆಯಾಗುತ್ತಿತ್ತು. ಅವರು ಹುಳದ ಮನೆಯಿಂದಲೇ ಸಭೆಗೆ ಸೇರುತ್ತಿದ್ದರು. ಫೋನನ್ನು ತಟ್ಟೆಯೊಂದಕ್ಕೆ ಆನಿಸಿಟ್ಟು, ಹಿಂದೆ ಸೊಪ್ಪು ಕತ್ತರಿಸುವ ಸದ್ದು, ಕೋಳಿಗಳ ಜಗಳ. ಅವರು ಬಂದ ಕೂಡಲೇ ನಾನು ಗುಂಡಿ ಒತ್ತುತ್ತಿದ್ದೆ. ಅದನ್ನು ಬಿಚ್ಚುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾದವನು ನಾನೇ.

ಎರಡನೆಯ ವಿದ್ಯೆ ನನ್ನ ಹೊಟ್ಟೆಗೇ ಹೊಡೆಯುವಂಥದ್ದು. ಯಂತ್ರವೇ ನಡಾವಳಿ ಬರೆಯುವುದಾದರೆ ನಾನೇಕೆ? ಆದರೂ ಒಂದು ಸಭೆಗೆ ಹಾಕಿ ನೋಡಿದೆ. ಸಭೆ ಮುಗಿದ ಮೇಲೆ ಅರೆಬರೆ ಕನ್ನಡದಲ್ಲಿ ಒಂದು ಪುಟ ಬಂತು. ಚರ್ಚೆಯಾದ ವಿಷಯಗಳು: ಕರೆಂಟು ಹೋಗಿದ್ದು, ಅಧ್ಯಕ್ಷರ ಮೊಣಕಾಲು ನೋವು, ರಾಮಾಪುರದವರ ಎಮ್ಮೆ ಈದದ್ದು. ತೀರ್ಮಾನಗಳು: ಇಲ್ಲ. ಅದೇ ಸಭೆಗೆ ನಾನು ಹಿಂದಿನ ದಿನ ಐದು ಠರಾವು ಬರೆದಿಟ್ಟಿದ್ದೆ. ಯಂತ್ರಕ್ಕೆ ಸಭೆಯ ಸಂಪ್ರದಾಯ ಗೊತ್ತಿಲ್ಲ ಎಂದು ಬೈದು ಅದನ್ನು ಆರಿಸಿದೆ.

ಮೂರನೆಯದನ್ನು ಮುಟ್ಟುವ ಧೈರ್ಯ ಮಾಡಿರಲಿಲ್ಲ. ಅಧ್ಯಕ್ಷರೇ ಒಂದು ದಿನ ಫೋನ್ ಮಾಡಿ, ಮೈಸೂರಿನ ಯಾವುದೋ ಮೀಟಿಂಗಿನಲ್ಲಿ ಕಾರ್ಯಸೂಚಿಯನ್ನು ಟಿವಿಯಂತೆ ತೋರಿಸಿದರೆಂದೂ ನಮ್ಮಲ್ಲೂ ಹಾಗೇ ಆಗಬೇಕೆಂದೂ ಹಟ ಹಿಡಿದರು. ಆಮೇಲೆ ನಿಜವಾದ ವಿಷಯಕ್ಕೆ ಬಂದರು.

“ಶಾಗ್ಯದ ಚಾಕಿ ಕೇಂದ್ರ ಸೋರ್ತದೆ ಕಣ್ರಿ. ನಮ್ ಯಳಂದೂರಲ್ಲಿ ಒಳ್ಳೆ ಕಟ್ಟಡ ಖಾಲಿ ಬಿದ್ದದೆ. ಇಲ್ಗೇ ತಂದ್ಬುಡನ. ಎಲ್ರೂ ಒಪ್ತರೆ, ಬರ್ಕಳಿ.”

ಮೊಟ್ಟೆಯೊಡೆದ ಹುಳು ಕೂದಲೆಳೆಯಷ್ಟಿರುತ್ತದೆ. ಎರಡು ಸಲ ಪೊರೆ ಕಳಚುವ ತನಕ ಅದಕ್ಕೆ ಎಳೆಸೊಪ್ಪು ಹೆಚ್ಚಿ ಹಾಕಿ ಸಾಕಿ, ಆಮೇಲೆ ರೈತರಿಗೆ ಕೊಡುವ ಜಾಗವೇ ಚಾಕಿ ಕೇಂದ್ರ. ಶಾಗ್ಯದಲ್ಲಿ ನಾಲ್ವರು ಹೆಂಗಸರು ಆ ಕೆಲಸ ಮಾಡುತ್ತಿದ್ದರು. ಹನೂರಿನ ಸುತ್ತಲ ಬೆಳೆಗಾರರು ಅಲ್ಲಿಂದಲೇ ಮರಿಹುಳ ಒಯ್ಯುತ್ತಿದ್ದರು. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅಂದು ಊಟವಾದ ಮೇಲೆ ಲ್ಯಾಪ್‌ಟಾಪು ತೆರೆದು ಲೀಲಾಜಾಲವಾಗಿ ಟೈಪು ಮಾಡಿದೆ: ‘ಕೇಂದ್ರವನ್ನು ಯಳಂದೂರಿಗೆ ಸ್ಥಳಾಂತರಿಸುವ ಅಗತ್ಯವನ್ನು ಅಧ್ಯಕ್ಷರು ಮನಮುಟ್ಟುವಂತೆ ವಿವರಿಸಿದರು. ಶಾಗ್ಯದ ಸದಸ್ಯೆಯವರು ಹರ್ಷದಿಂದ ಸ್ವಾಗತಿಸಿ ಅನುಮೋದಿಸಿದರು.’ ಹರ್ಷದಿಂದ ಎಂಬುದು ನನ್ನ ಕಡೆಯಿಂದ ಉಡುಗೊರೆ.

ಮರುದಿನ ಹನ್ನೊಂದಕ್ಕೆ ಎಲ್ಲರೂ ಸೇರಿದರು. ಸ್ಕ್ರೀನ್ ಶೇರ್ ಒತ್ತಿದೆ. ಯಾವುದನ್ನು ತೋರಿಸಲಿ ಎಂದು ಕೇಳುತ್ತಾ ಎರಡು ಪುಟಾಣಿ ಚೌಕಗಳು ಬಂದವು. ಎರಡೂ ಬಿಳಿ ಹಾಳೆ, ಎರಡಕ್ಕೂ ಸಂಘದ ಹೆಸರೇ ತಲೆಬರಹ. ಒಂದು ಕಾರ್ಯಸೂಚಿ, ಇನ್ನೊಂದು ನಡಾವಳಿ. ಕನ್ನಡಕವನ್ನು ಮೇಲಕ್ಕೇರಿಸಿ ಆತ್ಮವಿಶ್ವಾಸದಿಂದ ಒಂದನ್ನು ಒತ್ತಿದೆ. ಈ ತಲೆಬಿಸಿಯಲ್ಲಿ ಶಾಗ್ಯದ ಅಮ್ಮನ ಮ್ಯೂಟ್ ಗುಂಡಿ ಮರೆತೇಹೋಯಿತು.

“ಕಾಣ್ತಾ ಇದೆಯಾ?” ಎಂದೆ.

“ಜೋರಾಗಿ ಕಾಣ್ತದೆ ಸಾ” ಎಂದರು ರಾಮಾಪುರದವರು.

ಆಮೇಲೆ ಎಲ್ಲರೂ ಮೌನವಾಗಿ ಓದತೊಡಗಿದರು. ಕಾರ್ಯಸೂಚಿ ನನಗೆ ಬಾಯಿಪಾಠ, ಹಾಗಾಗಿ ಹಾಳೆಯನ್ನು ನೋಡದೆ ಪಕ್ಕದಲ್ಲಿದ್ದ ಮುಖಗಳನ್ನು ನೋಡುತ್ತಾ ಕೂತೆ. ನನ್ನ ಸಭೆಯೊಂದರಲ್ಲಿ ಅಷ್ಟು ಶಿಸ್ತನ್ನು ಎಂದೂ ಕಂಡಿರಲಿಲ್ಲ. ಕಣ್ಣು ತುಂಬಿ ಬಂತು ಎಂದರೂ ತಪ್ಪಲ್ಲ.

ಮೊದಲು ಬಾಯಿ ಬಿಟ್ಟವರು ಅಧ್ಯಕ್ಷರು. “ಏನ್ರೀ ಇದು? ನಾನಿನ್ನೂ ಮಾತೇ ಶುರು ಮಾಡಿಲ್ಲ, ಆಗ್ಲೇ ಮನಮುಟ್ಟುವಂತೆ ಮುಗ್ಸಿದೀನಲ್ಲ?”

“ನಾನು ಇವತ್ತೂ ಮಧ್ಯದಲ್ಲಿ ಎದ್ದೋಯ್ತೀನಂತೆ” ಎಂದರು ರಾಮಾಪುರದವರು. “ಎಲ್ಲಿಗ್ ಓಯ್ತೀನಿ ಸಾ? ಮನೇಲೇ ಕೂತಿವ್ನಲ್ಲ.”

ಇನ್ನೊಬ್ಬರು ಕೊನೆಯ ಸಾಲಿಗೆ ಹೋಗಿದ್ದರು. “ಲಘು ಉಪಾಹಾರದೊಂದಿಗೆ ಸಭೆ ಮುಕ್ತಾಯವಾಯಿತು ಅಂತ ಅದೆ. ನಮ್ಮನೆಗೆ ಉಪಾಹಾರ ಬರ್ಲಿಲ್ವಲ್ಲ ಸಾ?”

ಸ್ಕ್ರೀನು ನೋಡಿದೆ. ಇನ್ನೂ ನಡೆಯದ ಸಭೆಯ ನಡಾವಳಿ, ವಂದನಾರ್ಪಣೆಯ ಸಮೇತ, ಮೂರು ತಾಲ್ಲೂಕಿಗೂ ಪ್ರಸಾರವಾಗುತ್ತಿತ್ತು. ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಹುಡುಕಿದೆ. ಸಿಗಲಿಲ್ಲ. ಹಾಳೆಯನ್ನು ಹೇಗಾದರೂ ಆಚೆಗೆ ತಳ್ಳೋಣವೆಂದು ಎರಡು ಬೆರಳಿಟ್ಟು ಉಜ್ಜಿದೆ. ಹಾಳೆ ಹೋಗಲಿಲ್ಲ, ಅಕ್ಷರ ದೊಡ್ಡದಾಯಿತು. ಇನ್ನೂ ಉಜ್ಜಿದೆ, ಇನ್ನೂ ದೊಡ್ಡದಾಯಿತು. ಕೊನೆಗೆ ಇಡೀ ಸ್ಕ್ರೀನಿನಲ್ಲಿ ಉಳಿದದ್ದು ಎರಡೇ ಸಾಲು, ಗೋಡೆ ಬರಹದಷ್ಟು ದಪ್ಪಗೆ.

ಶಾಗ್ಯದ ಅಮ್ಮನ ಫೋನಿನಲ್ಲಿ ಅಲ್ಲಿಯವರೆಗೂ ಅಕ್ಷರ ಇರುವೆಯಂತಿದ್ದಿರಬೇಕು. ಈಗ ಕಂಡಿತು. ಸೊಪ್ಪು ಕತ್ತರಿಸುವ ಸದ್ದು ನಿಂತಿತು. ಅವರು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. “ಶಾ...ಗ್ಯದ ಸದಸ್ಯೆ...ಯವರು ಹರ್...ಷದಿಂದ ಸ್ವಾಗತಿಸಿ ಅನು...ಮೋದಿಸಿದರು.”

ಫೋನನ್ನು ತಟ್ಟೆಯಿಂದ ಎತ್ತಿ ಮುಖದ ಹತ್ತಿರಕ್ಕೆ ತಂದರು.

“ಯಾರ್ ಸಾ ಅದು? ನಾನಾ?”

ನಾನು ಇನ್ನೂ ಹಾಳೆಯನ್ನು ಉಜ್ಜುತ್ತಲೇ ಇದ್ದೆ.

“ಯಾವಾಗ ಅಂದೆ ಸಾ ನಾನು? ಈಗ ಸೊಪ್ ಕುಯ್ತಾ ಕೂತಿವ್ನಿ. ನಮ್ಮೂರ್ ಚಾಕಿ ಕಿತ್ಕಂಡ್ ಓಗಿ ಅಂತ ಹರ್ಸದಿಂದ ಯೋಳ್ದ್ನಾ?”

“ಹಂಗಲ್ಲ ಕಣವ್ವ, ಕಟ್ಟಡ ಸೋರ್ತದೆ...” ಎಂದು ಅಧ್ಯಕ್ಷರು ಸಮಾಧಾನಕ್ಕೆ ಬಂದರು.

“ಸೋರುದ್ರೆ ಸೂರು ಕಟ್ಸಿ! ಮರಿಹುಳನ ಯಳಂದೂರಲ್ಲಿ ತಕಂಡು, ಕೊಳ್ಳೇಗಾಲದಲ್ಲಿ ಇಳ್ದು, ಇನ್ನೊಂದ್ ಬಸ್ ಅತ್ತಿ ಅನೂರ್ಗೆ ಬಂದು, ಅಲ್ಲಿಂದ ಆಟೋಲಿ ನಮ್ಮೂರ್ಗೆ. ಮಟಮಟ ಮಧ್ಯಾಹ್ನ ಸಾ! ಬಸ್ಸಲ್ಲಿ ಪಕ್ದವ್ರು ಚೀಲ್ದಲ್ಲಿ ಒಗೆಸೊಪ್ ಇಟ್ಕಂಡ್ ಕೂತಿದ್ರೆ ಉಳ ಉಳಿತದಾ? ನಾಲ್ಕ್ ಜನ ಎಣ್ಮಕ್ಳು ಆ ಕೆಲ್ಸ ನಂಬ್ಕಂಡವ್ರೆ. ಅವ್ರ್ ಮುಂದೆ ಓಗಿ, ನಾನೇ ಒಪ್ದೆ ಕನ್ರವ್ವ ಅಂತ ಯೋಳ್ಬೇಕಾ ನಾನು?”

ಅವರ ಧ್ವನಿ ಏರುತ್ತಾ ಹೋಯಿತು. ನನ್ನ ಕೈ ಹಳೆಯ ಚಾಳಿಯಂತೆ ಮ್ಯೂಟ್ ಗುಂಡಿಯನ್ನು ಹುಡುಕಿತು. ಅಕ್ಷರ ಅಷ್ಟು ದಪ್ಪಗಾಗಿ ಗುಂಡಿಗಳೆಲ್ಲ ಎಲ್ಲಿ ಹೋಗಿದ್ದವೋ, ಸಿಗಲಿಲ್ಲ. ಸಿಕ್ಕಿದ್ದರೆ ಒತ್ತಿಬಿಡುತ್ತಿದ್ದೆ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ರಾಮಾಪುರದವರು ಮೆಲ್ಲಗೆ, “ಅಕ್ಕ ಯೋಳೋದು ಸರಿಯಾಗದೆ” ಎಂದರು. “ನಂಗೂ ಅಲ್ಲಿಂದ್ಲೇ ಉಳ. ಯಳಂದೂರು ಆಗಕಿಲ್ಲ.” ಹನೂರು ಕಡೆಯ ಇನ್ನಿಬ್ಬರೂ ಹೌದೆಂದರು. ಅಧ್ಯಕ್ಷರು ಸ್ವಲ್ಪ ಹೊತ್ತು ಮೊಣಕಾಲು ನೀವಿಕೊಂಡರು. ಅವರು ಕೆಟ್ಟವರಲ್ಲ, ಮರಿಹುಳವನ್ನು ಬಸ್ಸಿನಲ್ಲಿ ಒಯ್ದು ಗೊತ್ತಿಲ್ಲದವರು, ಅಷ್ಟೆ. “ಹೊಗೆಸೊಪ್ಪಿನ ಘಾಟಿಗೇ ಮರಿಹುಳ ಸಾಯ್ತದೆ ಅನ್ನೋದು ನಂಗ್ ಹೊಳೀಲೇ ಇಲ್ಲ ಕಣವ್ವ” ಎಂದು ಒಪ್ಪಿಕೊಂಡರು. ಕೇಂದ್ರ ಶಾಗ್ಯದಲ್ಲೇ ಇರಲಿ, ಮಳೆಗಾಲಕ್ಕೆ ಮುಂಚೆ ಸೂರು ರಿಪೇರಿಯಾಗಲಿ ಎಂದಾಯಿತು.

“ಈಗ ಬರೀರಿ ಸಾ” ಎಂದರು ಶಾಗ್ಯದ ಅಮ್ಮ. “ನಾವೆಲ್ಲಾ ನೋಡ್ತೀವಿ.”

ಬದುಕಿನಲ್ಲಿ ಮೊದಲ ಸಲ ಏಳು ಜನರ ಕಣ್ಣೆದುರು, ಸಭೆ ನಡೆಯುತ್ತಿರುವಾಗಲೇ ನಡಾವಳಿ ಬರೆದೆ. ಅದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಪ್ರತಿ ಪದಕ್ಕೂ ಒಬ್ಬೊಬ್ಬರ ತಕರಾರು. ಸರ್ವಾನುಮತ ಎಂದು ಟೈಪು ಮಾಡಿದರೆ, ನನ್ನನ್ನು ಯಾರೂ ಕೇಳಲಿಲ್ಲ ಎಂದು ಒಬ್ಬರು. ತಾನು ಅಂದು ನಿರ್ಗಮಿಸಲಿಲ್ಲ ಎಂಬುದನ್ನು ವಿಶೇಷವಾಗಿ ನಮೂದಿಸಬೇಕೆಂದು ರಾಮಾಪುರದವರು. ಒಂದು ಕಡೆಯಾದರೂ ಮನಮುಟ್ಟುವಂತೆ ಉಳಿಯಲಿ ಎಂದು ಅಧ್ಯಕ್ಷರು ಗೋಗರೆದರು. ಅದನ್ನು ಮತಕ್ಕೆ ಹಾಕಿದೆವು, ಬಿದ್ದುಹೋಯಿತು.

ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಆ ಅಮ್ಮ ಮತ್ತೆ ಕರೆದರು. “ಸಾ, ಹಿಂದಿನವೂ ತೋರ್ಸಿ. ನಾನ್ ಏನೇನ್ ಯೋಳಿವ್ನಿ ನೋಡನ.”

ತೋರಿಸದೆ ವಿಧಿಯಿರಲಿಲ್ಲ. ಒಂದೊಂದೇ ಪುಟ ಮೇಲಕ್ಕೆ ಸರಿಸಿದೆ. ಆಫೀಸಿನ ಗೋಡೆಗೆ ಹಸಿರು ಬಣ್ಣ ಬಳಿಯುವುದನ್ನು ಅವರು ಅನುಮೋದಿಸಿದ್ದರು. ಯಾರದೋ ಸನ್ಮಾನವನ್ನು ಅನುಮೋದಿಸಿದ್ದರು. ವರ್ಷಕ್ಕೊಮ್ಮೆ ಕೊಳ್ಳೇಗಾಲದಲ್ಲಿ ಸೇರುವ ಮಹಾಸಭೆ ಬೆಳಿಗ್ಗೆ ಒಂಬತ್ತಕ್ಕೇ ಶುರುವಾಗಬೇಕು, ತಡವಾದವರಿಗೆ ಮಾತಾಡುವ ಅವಕಾಶವಿಲ್ಲ ಎಂಬುದನ್ನೂ ಅವರೇ ಅನುಮೋದಿಸಿದ್ದರು. ಅವರ ಬಸ್ಸು ಕೊಳ್ಳೇಗಾಲ ಮುಟ್ಟುವುದೇ ಹತ್ತಕ್ಕೆ.

ಅದನ್ನು ಓದಿ ಅವರು ಬೈಯಲಿಲ್ಲ, ಜೋರಾಗಿ ನಕ್ಕುಬಿಟ್ಟರು. “ಅಯ್ಯೋ ಶಿವ್ನೇ, ಇಷ್ಟೆಲ್ಲ ಮಾತಾಡಿವ್ನಾ ನಾನು!” ಎಲ್ಲರೂ ನಕ್ಕರು. ನಾನೂ ನಕ್ಕಂತೆ ಮಾಡಿದೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ವಾರದೊಳಗೆ ನಡಾವಳಿಯನ್ನು ಪುಸ್ತಕಕ್ಕೆ ಶಾಯಿಯಲ್ಲಿ ಇಳಿಸಿ, ಸಹಿಗಾಗಿ ಬಸ್ಸು ಹತ್ತಿದೆ. ಬೇರೆ ಎಲ್ಲರೂ ಹಳೆಯ ರೂಢಿಯಂತೆ ನೋಡದೆಯೇ ಸಹಿ ಎಳೆದರು. ಶಾಗ್ಯದಲ್ಲಿ ಆ ಅಮ್ಮ ಕೈ ತೊಳೆದು ಬಂದು, ಜಗಲಿಯ ಮೇಲೆ ಪುಸ್ತಕ ಹರಡಿ, ಬೆರಳಿಟ್ಟು ಮೊದಲ ಸಾಲಿನಿಂದ ಓದತೊಡಗಿದರು. ನನಗೆ ಕೊಟ್ಟ ಟೀ ಮುಗಿಯಿತು. ಒಂದು ಬಸ್ಸು ತಪ್ಪಿತು. ಹುಳದ ಮನೆಗೆ ಎರಡು ಸಲ ಹೋಗಿ ಸೊಪ್ಪು ಹಾಕಿ ಬಂದು ಮತ್ತೆ ಓದಿದರು. ಕೊನೆಯ ಪುಟದಲ್ಲಿ ಬೆರಳು ನಿಂತಿತು.

ಅಲ್ಲಿ ನಾನು ಹೀಗೆ ಬರೆದಿದ್ದೆ: ‘ಶಾಗ್ಯದ ಸದಸ್ಯೆಯವರು ಸ್ಥಳಾಂತರವನ್ನು ವಿನಮ್ರವಾಗಿ ವಿರೋಧಿಸಿದರು.’ ಎಲ್ಲರೆದುರು ಟೈಪು ಮಾಡಿದಾಗ ಆ ಪದ ಇರಲಿಲ್ಲ. ಶಾಯಿಯಲ್ಲಿ ಇಳಿಸುವಾಗ ಕೈ ತಾನಾಗಿಯೇ ಸೇರಿಸಿಬಿಟ್ಟಿತ್ತು.

“ವಿನಮ್ರವಾಗಿ ಅಂದ್ರೇನ್ ಸಾ?”

“ತಗ್ಗಿ ಬಗ್ಗಿ, ಮರ್ಯಾದೆಯಿಂದ ಅಂತಮ್ಮ” ಎಂದೆ.

ಅವರು ಪೆನ್ನನ್ನು ನನ್ನ ಕೈಗೇ ವಾಪಸು ಕೊಟ್ಟರು.

“ಅದೊಂದ ಒಡ್ದಾಕಿ ಸಾ. ನಾನು ಕೂಗಾಡಿದ್ದು.”

ಹೊಡೆದುಹಾಕಿದೆ. ತಿದ್ದಿದ ಜಾಗಕ್ಕೆ ನಾನು ಸಹಿ ಮಾಡಿದ ಮೇಲೆಯೇ ಅವರು ತಮ್ಮ ಸಹಿ ಹಾಕಿದರು.