ಗಾಜಿನ ಪೆಟ್ಟಿಗೆಯ ರೊಟ್ಟಿ

ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಖೋಲಿ ಹಿಡಿದು ಓದುವ ಹುಡುಗ ಹುಡುಗಿಯರಲ್ಲಿ ಅರ್ಧಕ್ಕರ್ಧ ಮಂದಿ ಶರಣವ್ವನ ಕೈಯ ರೊಟ್ಟಿ ತಿಂದೇ ಪರೀಕ್ಷೆ ಬರೆದವರು. ಪಾಸಾದವರು ಆಮೇಲೆ ಅವಳನ್ನು ನೆನೆಯುವುದಿಲ್ಲ. ನಪಾಸಾದವರು ಮರುವರ್ಷವೂ ಅವಳ ರೊಟ್ಟಿಯನ್ನೇ ತಿನ್ನುತ್ತಾರೆ, ಹೀಗಾಗಿ ವ್ಯಾಪಾರಕ್ಕೆ ಕುಂದಿಲ್ಲ. ಬಿಸಿರೊಟ್ಟಿ ಮಧ್ಯಾಹ್ನದ ಊಟಕ್ಕೆ, ಒಣಗಿಸಿದ ಖಡಕ್ ರೊಟ್ಟಿ ಊರಿಗೆ ಹೋಗುವವರ ಚೀಲಕ್ಕೆ. ಎದುರಿಗೆ ಯಾರೇ ಬರಲಿ, ಊಟ ಆಯಿತೇ ಎಂದು ಕೇಳದೆ ಅವಳು ಮುಂದಿನ ಮಾತು ತೆಗೆಯುವುದಿಲ್ಲ. ಒಮ್ಮೆ ಕರೆಂಟಿನ ಮೀಟರ್ ನೋಡಲು ಬಂದವನು ಇನ್ನೂ ಆಗಿಲ್ಲ ಎಂದು ಬಾಯಿ ತಪ್ಪಿ ಹೇಳಿ, ಕುಳಿತು ಉಂಡು, ಮೀಟರ್ ನೋಡುವುದನ್ನು ಮರೆತೇ ಹೋದ.

ಇಂಥ ಶರಣವ್ವ ಹತ್ತು ವರ್ಷದಿಂದ ರೊಟ್ಟಿ ತಿಂದಿಲ್ಲ. ಬಡಿಯುತ್ತಾಳೆ, ಬೇಯಿಸುತ್ತಾಳೆ, ಬಡಿಸುತ್ತಾಳೆ, ತಾನು ಮಾತ್ರ ಅನ್ನ ಸಾರು ಉಂಡು ಏಳುತ್ತಾಳೆ. ಈ ಸೀಮೆಯಲ್ಲಿ ಬರೀ ಅನ್ನ ಉಣ್ಣುವುದು ಜ್ವರ ಬಂದಾಗ. ಆದ್ದರಿಂದ ಓಣಿಯವರು ಅವಳಿಗೆ ಯಾವುದೋ ದೊಡ್ಡ ಜಡ್ಡಿದೆ, ಹೇಳಿಕೊಳ್ಳುತ್ತಿಲ್ಲ ಎಂದು ತಿಳಿದು ಆಗಾಗ ಮರುಗುತ್ತಾರೆ. ಜಡ್ಡೂ ಇಲ್ಲ, ಗಿಡ್ಡೂ ಇಲ್ಲ. ಅವಳದು ಹಟ, ಮತ್ತು ಆ ಹಟಕ್ಕೆ ಕಾರಣ ನೇಪಾಳದ ಭೂಕಂಪ.

ಆ ವರ್ಷ ಅವಳ ಗಂಡ ಫಕೀರಪ್ಪ ತೀರಿಕೊಂಡು ಹನ್ನೆರಡು ತಿಂಗಳು ತುಂಬಲು ಬಂದಿತ್ತು. ಕಾಳಿನ ಅಂಗಡಿಯಲ್ಲಿ ದುಡಿದ ಮನುಷ್ಯ, ಜೋಳದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಸಾಯುವ ಮೊದಲು ತಾನೇ ನವಲಗುಂದದ ಕಡೆ ಹೋಗಿ, ಮುಷ್ಟಿ ಮುಷ್ಟಿ ಹಿಡಿದು ನೋಡಿ ಆರಿಸಿ ತಂದಿದ್ದ ಬಿಳಿಜೋಳದ ಚೀಲಗಳು ಮನೆಯಲ್ಲಿದ್ದವು. ಶರಣವ್ವ ಅವನ್ನು ಅವನದೇ ವರ್ಷದ ತಿಥಿಯ ಊಟಕ್ಕೆಂದು ತೆಗೆದಿಟ್ಟಿದ್ದಳು. ಅಷ್ಟರಲ್ಲಿ ಟಿವಿಯಲ್ಲಿ ಕುಸಿದ ಮನೆಗಳು ಕಾಣಿಸಿಕೊಂಡವು. ಮಣ್ಣಿನ ರಾಶಿಯ ಮೇಲೆ ಕುಳಿತ ಒಬ್ಬ ಮುದುಕಿಯನ್ನು ನೋಡಿ ಅವಳಿಗೆ ಕೇಳಬೇಕೆನಿಸಿದ್ದು ಊಟ ಆಯಿತೇ ಎಂದೇ. ಟಿವಿಗೆ ಕೇಳಿಯೂ ಕೇಳಿದಳು.

ಮರುದಿನ ಆಸರೆ ಬಳಗದ ಮುರುಗೆಪ್ಪ ಸರ್ ಓಣಿಗೆ ಬಂದರು. ಕಾಲೇಜಿನ ಪ್ರಾಚಾರ್ಯರಾಗಿ ನಿವೃತ್ತರಾದವರು, ಸುಮ್ಮನೆ ಕೂರಲು ಬಾರದವರು, ಹೀಗಾಗಿ ಬಳಗ ಕಟ್ಟಿದವರು. ಮನೆಮನೆಯಿಂದ ರೊಟ್ಟಿ ಕೊಡಿ ಎಂದರು. ಹೊಳೆ ಬಂದು ಊರು ಮುಳುಗಿದರೂ ರೊಟ್ಟಿ, ಮಠದಲ್ಲಿ ದಾಸೋಹವಿದ್ದರೂ ರೊಟ್ಟಿ. ನಮ್ಮ ಜನಕ್ಕೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಶರಣವ್ವ ಚೀಲಗಳನ್ನೆಲ್ಲ ಗಿರಣಿಗೆ ಹಾಕಿಸಿ, ತೋಳು ಬಾಯುವ ತನಕ ಬಡಿದು, ಖಡಕ್ ಮಾಡಿ, ನಡುವೆ ಗುರೆಳ್ಳು ಹಿಂಡಿ ಎಂಬ ಖಾರದ ಚಟ್ನಿಪುಡಿಯ ಡಬ್ಬಿ ಇಟ್ಟು ಕೊಟ್ಟಳು. ಲಾರಿ ತುಂಬಿತು. ಲಾರಿಯ ಎರಡೂ ಬದಿಗೆ ಮುರುಗೆಪ್ಪ ಸರ್ ಅವರ ಮುಖವಿದ್ದ ಉದ್ದನೆಯ ಬ್ಯಾನರು ಕಟ್ಟಿದರು.

ಹತ್ತಿರದ ಮುಗದ ಊರಿನಿಂದ ನಾದಿನಿ ಬಂದವಳು ಬರಿದಾದ ಮೂಲೆ ನೋಡಿ ನಿಂತುಬಿಟ್ಟಳು.

"ನಮ್ಮಣ್ಣನ ವರ್ಷದ ಊಟ ಗುಡ್ಡಕ್ಕ ಕಳಿಸಿ ಬಿಟ್ಟಿ?"

"ಹಸದವರು ಉಂಡ್ರ ನಿಮ್ಮಣ್ಣ ಉಂಡಂಗ ಆತು."

"ಉಂಡ್ರೋ ಚೆಲ್ಲಿದ್ರೋ, ಯಾರು ನೋಡ್ಯಾರ?"

ಈ ಮಾತು ಶರಣವ್ವನಿಗೆ ನಾಟಿತು. ನೇಪಾಳದವರು ಉಂಡ ಸುದ್ದಿ ಬರುವ ತನಕ ತಾನು ರೊಟ್ಟಿ ಮುರಿಯುವುದಿಲ್ಲ ಎಂದು ಅಲ್ಲೇ ಹೇಳಿದಳು. ಲಾರಿ ಹೋಗಿ ಬರಲು ಒಂದೆರಡು ವಾರ, ಅಷ್ಟೇ ತಾನೇ ಎಂದು ಅವಳ ಎಣಿಕೆ. ನಾದಿನಿಯೂ ಅಲ್ಲಿಯವರೆಗೆ ಈ ಮನೆಯಲ್ಲಿ ಕೈ ತೊಳೆಯುವುದಿಲ್ಲ ಎಂದು ಚಹಾ ಕೂಡ ಕುಡಿಯದೆ ಬಸ್ಸು ಹತ್ತಿದಳು.

ಲಾರಿ ನಡೆಸಿಕೊಂಡು ಹೋಗಿದ್ದ ಇಕ್ಬಾಲ ತಿರುಗಿ ಬಂದ ದಿನ ಶರಣವ್ವ ಬಾಗಿಲಲ್ಲೇ ಕಾದಿದ್ದಳು. ಗುಡ್ಡ ಕುಸಿದು ದಾರಿ ಕಟ್ಟಿತ್ತಂತೆ, ಅಲ್ಲೇ ಒಂದು ಹಳ್ಳಿಯಲ್ಲಿ ಎಲ್ಲ ಇಳಿಸಿದನಂತೆ, ಬ್ಯಾನರೂ ಬೇಕೆಂದರಂತೆ, ಬಿಚ್ಚಿ ಕೊಟ್ಟನಂತೆ. ಉಂಡರೇ ಎಂದರೆ, ತೊಗೊಂಡರು, ನಕ್ಕರು, ನಾನು ಬಂದೆ ಎಂದ. ಶರಣವ್ವ ಮುರುಗೆಪ್ಪ ಸರ್ ಬಳಿ ಹೋದಳು. ಅವರು ವಿತರಣೆ ಯಶಸ್ವಿಯಾಗಿದೆ ಎಂದರು. ಉಂಡರೇ ಎಂದು ಮತ್ತೆ ಕೇಳಿದಳು. ಅದನ್ನು ಪಾಠ ಕಲಿಯುವ ಸಭೆಯಲ್ಲಿ ಚರ್ಚಿಸೋಣ ಎಂದರು.

ಆ ಸಭೆ ಅಂದಿನಿಂದ ವರ್ಷಾ ವರ್ಷ ನಡೆಯುತ್ತಿದೆ. ನೆರವು ಹೋದದ್ದು ಒಂದೇ ಲಾರಿ, ಅದರಿಂದ ಕಲಿತ ಪಾಠಗಳು ಮಾತ್ರ ಇನ್ನೂ ಮುಗಿದಿಲ್ಲ. ರೊಟ್ಟಿಗಳನ್ನು ಅಡ್ಡ ಜೋಡಿಸದೆ ನಿಲ್ಲಿಸಿ ಜೋಡಿಸಬೇಕು ಎಂಬುದು ಮೊದಲ ವರ್ಷದ ಪಾಠ. ನಿಲ್ಲಿಸದೆ ಅಡ್ಡವೇ ಜೋಡಿಸಬೇಕು ಎಂಬುದು ಮರುವರ್ಷದ್ದು. ಬ್ಯಾನರಿನಲ್ಲಿ ಅಧ್ಯಕ್ಷರ ಜೊತೆ ಉಪಾಧ್ಯಕ್ಷರ ಮುಖವೂ ಇರಬೇಕಿತ್ತು ಎಂಬುದನ್ನು ಉಪಾಧ್ಯಕ್ಷರು ಒಂದು ವರ್ಷ ಕಲಿತರು. ಗೋಡೆಗೆ ದೊಡ್ಡ ಹಾಳೆ ಹಚ್ಚಿ, ಹಳದಿ ಚೀಟಿ ಅಂಟಿಸಿ, ಚಪ್ಪಾಳೆ ತಟ್ಟಿ ಕೊನೆಗೆ ಪಲಾವು ಉಂಡು ಎದ್ದು ಹೋಗುತ್ತಾರೆ. ಪ್ರತಿ ಸಭೆಯಲ್ಲೂ ಶರಣವ್ವ ಎದ್ದು ನಿಂತು ತನ್ನ ಒಂದೇ ಪ್ರಶ್ನೆ ಕೇಳುತ್ತಾಳೆ. ಅದನ್ನೂ ಹಳದಿ ಚೀಟಿಯಲ್ಲಿ ಬರೆದು ಅಂಟಿಸುತ್ತಾರೆ.

ವೇದಿಕೆಯ ಮೇಲೆ ಒಂದು ಗಾಜಿನ ಪೆಟ್ಟಿಗೆ ಇರುತ್ತದೆ. ಒಳಗೆ ಒಂದು ರೊಟ್ಟಿ, ಹೊರಗೆ ಹೂವಿನ ಹಾರ, ಕೆಳಗೆ 'ಐತಿಹಾಸಿಕ ಭೂಕಂಪ ರೊಟ್ಟಿ' ಎಂಬ ಫಲಕ. ಲಾರಿಗೆ ಹೋದ ರೊಟ್ಟಿಗಳಲ್ಲಿ ಒಂದನ್ನು ನೆನಪಿಗೆಂದು ಇಟ್ಟುಕೊಂಡದ್ದು ಖರೇ. ಆದರೆ ಅದಕ್ಕೆ ಮೊದಲ ಮಳೆಗಾಲಕ್ಕೇ ಹುಳ ಬಿದ್ದಿತು. ಆಮೇಲೆ ಸಭೆಯ ಹಿಂದಿನ ದಿನ ಬಳಗದವರು ಶರಣವ್ವನ ಮನೆಗೆ ಬಂದು ಹೊಸ ಐತಿಹಾಸಿಕ ರೊಟ್ಟಿ ಒಯ್ಯುವುದು ರೂಢಿಯಾಯಿತು. ಬಂದ ಅತಿಥಿಗಳು ಅದರ ಮುಂದೆ ಫೋಟೋ ತೆಗೆಸಿಕೊಂಡು, ಇಷ್ಟು ವರ್ಷವಾದರೂ ಒಂದು ಚೂರು ಮುಕ್ಕಾಗಿಲ್ಲವಲ್ಲ ಎಂದು ತಲೆದೂಗುತ್ತಾರೆ. ಶರಣವ್ವ ಅದನ್ನು ಕೇಳಿ ಸುಮ್ಮನಿರುತ್ತಾಳೆ, ಎಷ್ಟಾದರೂ ಹೊಗಳಿಕೆ ತನ್ನ ಕೈಗೇ ತಾನೇ.

ಈ ವರ್ಷ ಮಾತ್ರ ಒಂದು ಅಚ್ಚರಿ ನಡೆಯಿತು. ಸಪ್ತಾಪುರದ ತಿರುವಿನಲ್ಲಿ ಮಾಯಾ ಎಂಬ ನೇಪಾಳದ ಹೆಂಗಸು ಗಂಡನ ಜೊತೆ ಮೊಮೊ ಗಾಡಿ ಇಟ್ಟು ಬಹಳ ಕಾಲವಾಗಿತ್ತು. ಹುಡುಗರಿಗೆ ಉಣಬಡಿಸಿ ಬಡಿಸಿ ಅವಳ ಬಾಯಿಗೆ ಧಾರವಾಡದ ಮಾತೇ ಹತ್ತಿತ್ತು. ಶರಣವ್ವನಿಗೆ ಅವಳ ಗಾಡಿ ಕಂಡರೆ ಆಗುತ್ತಿರಲಿಲ್ಲ, ಆ ಪುಟ್ಟ ಕಡುಬಿನಿಂದ ಯಾರ ಹೊಟ್ಟೆ ತುಂಬೀತು ಎಂದು ಗೊಣಗುತ್ತಿದ್ದಳು. ಒಂದು ಸಂಜೆ ಮುರುಗೆಪ್ಪ ಸರ್ ಮೊಮ್ಮಗಳ ಹಟಕ್ಕೆ ಅಲ್ಲಿ ಹೋಗಿ ನಿಂತಾಗ ಮಾಯಾ ಕೈಯಲ್ಲಿದ್ದ ಚಿಮಟ ಕೆಳಗಿಟ್ಟು ಅವರ ಮುಖವನ್ನೇ ನೋಡತೊಡಗಿದಳಂತೆ. ಕೊನೆಗೆ, ಎರಡು ಮಳೆಗಾಲ ನಾನು ಈ ಮುಖದ ಕೆಳಗೆ ಮಲಗಿದ್ದೇನೆ ಎಂದಳಂತೆ. ಸುತ್ತಲಿದ್ದ ವಿದ್ಯಾರ್ಥಿಗಳು ಮೊಮೊ ನುಂಗುವುದನ್ನು ನಿಲ್ಲಿಸಿದರು. ಅವಳು ಹೇಳಿದ್ದು ಬ್ಯಾನರಿನ ವಿಷಯ. ಲಾರಿಯಿಂದ ಬಿಚ್ಚಿದ ಆ ಬ್ಯಾನರೇ ಅವಳ ಮನೆಯವರಿಗೆ ಸೂರಾಗಿತ್ತು. ಸರ್ ಹಿಗ್ಗಿ ಹೀರೇಕಾಯಾದರು. ಬೇರೇನೂ ಕೇಳದೆ, ಅವಳನ್ನು ಸಭೆಗೆ ಮುಖ್ಯ ಅತಿಥಿಯಾಗಿ ಕರೆದುಬಿಟ್ಟರು.

ಸುದ್ದಿ ಶರಣವ್ವನಿಗೂ ತಿಳಿಯಿತು. ಗಾಡಿಯ ತನಕ ಹೋಗಿ ಅಲ್ಲೇ ಕೇಳಬಹುದಿತ್ತು, ದೂರವೇನೂ ಇಲ್ಲ. ಹೋಗಿ, ಕಂಬದ ಮರೆಯಲ್ಲಿ ನಿಂತು, ತಿರುಗಿ ಬಂದಳು. ಉಂಡಿಲ್ಲ ಎಂದುಬಿಟ್ಟರೆ ಏನು ಮಾಡುವುದು ಎಂದು ಅವಳಿಗೆ ಅಂಜಿಕೆ.

ಸಭೆಯಲ್ಲಿ ಮಾಯಾಳಿಗೆ ಶಾಲು ಹೊದಿಸಿದರು. ಐತಿಹಾಸಿಕ ರೊಟ್ಟಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಮುರುಗೆಪ್ಪ ಸರ್ ಮೈಕು ಅವಳ ಕೈಗಿಟ್ಟು, ನಮ್ಮ ರೊಟ್ಟಿಯಿಂದ ನಿಮಗಾದ ಉಪಕಾರವನ್ನು ಸಂಕೋಚವಿಲ್ಲದೆ ಹೇಳಿ ಎಂದರು. ಅವಳು ಸಂಕೋಚವಿಲ್ಲದೆ ಹೇಳಿದಳು.

"ನಮಗ ಅದು ಊಟ ಅಂತ ಗೊತ್ತ ಆಗಲಿಲ್ರಿ. ತಾಟು ಅಂತ ತಿಳಕೊಂಡ್ವಿ."

ದುಂಡಗೆ, ತೆಳ್ಳಗೆ, ಬಡಿದರೆ ಟಣ್ ಎನ್ನುವ ವಸ್ತುವನ್ನು ಅವರು ಉಣ್ಣುವ ತಟ್ಟೆಯಲ್ಲದೆ ಮತ್ತೇನೆಂದು ತಿಳಿಯಬೇಕಿತ್ತು? ಜೋಳದ ರೊಟ್ಟಿ ಕಂಡೂ ಗುರುತಿಸದ ಜನ ಭೂಮಿಯ ಮೇಲಿದ್ದಾರೆ ಎಂಬುದು ಧಾರವಾಡದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಪಾತ್ರೆ ಪಡಗವೆಲ್ಲ ಮಣ್ಣಿನಡಿ ಹೋಗಿದ್ದವು, ಯಾರೋ ಪುಣ್ಯಾತ್ಮರು ತಾಟು ಕಳಿಸಿದ್ದಾರೆ ಎಂದು ಊರವರು ಕೈ ಮುಗಿದರಂತೆ. ಸೈನ್ಯದವರು ಕೊಟ್ಟ ಅನ್ನವನ್ನು ಅದರ ಮೇಲೆ ಹಾಕಿಕೊಂಡು ಉಂಡು, ತಾಟು ಒರೆಸಿ ಎತ್ತಿಡುತ್ತಿದ್ದರಂತೆ. ಗುರೆಳ್ಳು ಹಿಂಡಿಯನ್ನು ಹಲ್ಲುಪುಡಿ ಎಂದುಕೊಂಡರು. ಅದರಿಂದ ದಿನಾ ಹಲ್ಲು ತಿಕ್ಕಿದ ಮಾಯಾಳ ಮಾವ, ಉರಿಯುತ್ತದೆ ನಿಜ, ಆದರೆ ಪರದೇಶದ ಔಷಧಿ ಎಂದ ಮೇಲೆ ಉರಿಯಲೇಬೇಕು ಎನ್ನುತ್ತಿದ್ದನಂತೆ.

ಶರಣವ್ವ ಎರಡೂ ಕೈಯಿಂದ ಕುರ್ಚಿಯ ತೋಳು ಹಿಡಿದುಕೊಂಡಳು. ಕಣ್ಣ ಮುಂದೆ ನಾದಿನಿಯ ಮುಖ ಬಂದು ಹೋಯಿತು.

ಮಾಯಾ ಮುಗಿಸಿರಲಿಲ್ಲ. ಒಂದು ದಿನ ಅನ್ನದ ಮೇಲೆ ಬಿಸಿ ಬೇಳೆ ಸುರಿದರು. ಅವಳ ಅಜ್ಜಿಗೆ ಹಲ್ಲಿರಲಿಲ್ಲ, ನಿಧಾನವಾಗಿ ಉಣ್ಣುವವಳು. ಅಷ್ಟು ಹೊತ್ತಿಗೆ ತಾಟು ನೆನೆದು, ಅದರ ಅಂಚು ತುತ್ತಿನ ಜೊತೆ ಬಾಯಿಗೆ ಬಂತು. ಅಜ್ಜಿ ಅಗಿದಳು, ನುಂಗಿದಳು, ಈ ತಾಟು ತಿನ್ನಲು ಬರುತ್ತದೆ ಎಂದು ಎಲ್ಲರಿಗೂ ಸಾರಿದಳು. ಭೂಕಂಪಕ್ಕೆ ಮುದುಕಿಯ ತಲೆ ಕೆಟ್ಟಿದೆ ಎಂದು ಜನ ಮರುಗಿದರು. ಮರುಗುತ್ತಲೇ ಒಬ್ಬೊಬ್ಬರಾಗಿ ರುಚಿ ನೋಡಿದರು. ಸಂಜೆಯ ಹೊತ್ತಿಗೆ ಹಳ್ಳಿಯಲ್ಲಿ ತಾಟು ಬಚ್ಚಿಡುವ ಸ್ಥಿತಿ ಬಂದಿತ್ತು.

"ನಾವೂ ಪಾಠ ಕಲತ್ವಿ ಸರ್," ಎಂದಳು ಮಾಯಾ. "ಮುಂದ ಇನ್ನೊಂದು ಸಂಸ್ಥಾದವರು ಥರ್ಮಾಕೋಲ್ ತಾಟು ಕೊಟ್ರು. ಅವನ್ನೂ ನೆನಿ ಹಾಕಿದ್ವಿ. ಎಷ್ಟು ಕಾಯ್ದ್ರೂ ಮೆತ್ತಗ ಆಗಲಿಲ್ಲ. ಆಮ್ಯಾಲ ಒಬ್ಬರು ಸಾಬೂನು ತಂದ್ರು. ಅದನ್ನ ಕೇಳಬ್ಯಾಡ್ರಿ."

ಮುರುಗೆಪ್ಪ ಸರ್ ಮೊದಲು ಚೇತರಿಸಿಕೊಂಡರು. ಇದೇ ನಿಜವಾದ ಪಾಠ, ಮುಂದೆ ಪ್ರತಿ ರೊಟ್ಟಿಯ ಮೇಲೂ 'ಇದು ಊಟ' ಎಂದು ಮುದ್ರೆ ಒತ್ತಬೇಕು ಎಂದು ದೊಡ್ಡ ಹಾಳೆಯ ಮೇಲೆ ಬರೆದರು. ಯಾವ ಭಾಷೆಯಲ್ಲಿ ಎಂದು ಒಬ್ಬರು ಕೇಳಿದರು. ಭಾಷೆ ಬೇಡ, ಬಾಯಿಯ ಚಿತ್ರ ಒತ್ತೋಣ ಎಂದರು ಉಪಾಧ್ಯಕ್ಷರು. ಹಲ್ಲಿರುವ ಬಾಯಿಯೋ ಇಲ್ಲದ ಬಾಯಿಯೋ ಎಂದು ಮತ್ತೊಬ್ಬರು ಎದ್ದರು, ಹಲ್ಲಿನ ಚಿತ್ರ ಕಂಡರೆ ಮತ್ತೆ ಹಲ್ಲುಪುಡಿ ಎಂದುಕೊಂಡಾರು ಎಂಬುದು ಅವರ ಆತಂಕ. ಇದಕ್ಕೊಂದು ಉಪಸಮಿತಿ ಬೇಕೆಂದು ಎಲ್ಲರೂ ಒಪ್ಪಿದರು. ಅದರ ಅಧ್ಯಕ್ಷರು ಯಾರು ಎಂಬಲ್ಲಿ ದನಿಗಳು ಏರಿದವು.

ಆ ಗದ್ದಲದಲ್ಲಿ ಶರಣವ್ವ ಎದ್ದು ವೇದಿಕೆಗೆ ಹೋದಳು. ಮಾಯಾಳ ಎದುರು ನಿಂತು ಕೇಳಿದಳು.

"ನಿಮ್ಮಜ್ಜಿ ಹೊಟ್ಟಿ ತುಂಬ ಉಂಡಳೇನವಾ?"

"ಉಂಡಳ್ರಿ ಅವ್ವಾರ," ಎಂದಳು ಮಾಯಾ. "ತಾಟೂ ಬಿಡಲಿಲ್ಲ."

ಶರಣವ್ವನ ಕಣ್ಣು ತುಂಬಿ ಬಂದವು. ಫಕೀರಪ್ಪ ಸತ್ತ ದಿನ ಬಂದವರ ಊಟದ ಚಿಂತೆಯಲ್ಲಿ ಅವಳಿಗೆ ಅಳಲು ಪುರುಸೊತ್ತಾಗಿರಲಿಲ್ಲ. ಈಗ ನಿಂತಲ್ಲೇ ಅತ್ತಳು. ಅವನು ಉಂಡ ಎಂದು ಅನಿಸಿತು, ನಾಳೆ ಮೊದಲ ಬಸ್ಸಿಗೆ ಮುಗದಕ್ಕೆ ಹೋಗಿ ನಾದಿನಿಯನ್ನು ಕೈ ಹಿಡಿದು ಕರೆತರಬೇಕು ಎನಿಸಿತು. ಆಮೇಲೆ, ಇದ್ದಕ್ಕಿದ್ದಂತೆ, ಹತ್ತು ವರ್ಷದ ಹಸಿವಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು, ಹಾರ ಸರಿಸಿ, ಗಾಜಿನ ಪೆಟ್ಟಿಗೆ ತೆರೆದು ಐತಿಹಾಸಿಕ ರೊಟ್ಟಿಯನ್ನು ಹೊರಗೆ ತೆಗೆದಳು. ಅರ್ಧ ಮುರಿದು ಮಾಯಾಳ ಕೈಗಿಟ್ಟು, ಉಳಿದರ್ಧ ಕಟುಮ್ಮೆಂದು ಕಡಿದಳು. ಮೈಕು ಮಗ್ಗುಲಲ್ಲೇ ಇತ್ತು. ಆ ಸಪ್ಪಳ ಸಭಾಭವನದ ನಾಲ್ಕೂ ಮೂಲೆಗೆ ಕೇಳಿ ಉಪಸಮಿತಿ ಬಾಯಿ ಮುಚ್ಚಿತು.

"ಶರಣವ್ವ, ಅದು ನಮ್ಮ ದಾಖಲೆ ಅದ," ಎಂದು ಮುರುಗೆಪ್ಪ ಸರ್ ಕಂಗಾಲಾಗಿ ಎರಡು ಹೆಜ್ಜೆ ಮುಂದೆ ಬಂದರು.

ಅವಳು ಬಾಯಲ್ಲಿದ್ದುದನ್ನು ಅವಸರವಿಲ್ಲದೆ ಅಗಿದು ನುಂಗಿದಳು.

"ನೀವು ಪಾಠ ಬರಕೋತ ಇರ್ರಿ ಸರ್," ಎಂದಳು. "ನಾ ಉಣ್ಣಾಕತ್ತೇನಿ."