ಟ್ರೇನ್ ಎಂಬಲ್ಲಿ ನಿಂತ ಹಾಡು

ಸತ್ತವರಿಗೂ ಸಿಟ್ಟು ಉಳಿದಿರುತ್ತದೆ ಎಂದು ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವಳು ನಾನೇ. ಧಾರವಾಡದ ನಮ್ಮ ಮನೆಯಲ್ಲಿ ದೆವ್ವ, ಮಾಟ ಎಂದು ಬಾಯಿ ಬಿಟ್ಟರೆ ಅಪ್ಪ ಗದರಿಸುತ್ತಿದ್ದರು. ಈಗ ನನ್ನ ಕೆಲಸ ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್‌ನಲ್ಲಿ, ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ. ಒಂದು ಮಾತ್ರೆಯಲ್ಲಿ ಏನಿದೆ, ಎಷ್ಟಿದೆ ಎಂದು ಅಳೆಯುವವಳು ನಾನು. ಅಳತೆಗೆ ಸಿಗದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಕಣ್ಣಾರೆ ಕಂಡದ್ದನ್ನು ನಿಮಗೆ ಹೇಳಿಬಿಡುತ್ತೇನೆ. ನಂಬಿ ಎಂದು ಒತ್ತಾಯವಿಲ್ಲ.

ನಾವಿರುವುದು ಅಲ್ಲಿಗೆ ಹತ್ತಿರದ ಸ್ಟಾಕ್‌ಪೋರ್ಟ್‌ನಲ್ಲಿ. ನಮ್ಮ ಪಕ್ಕದ ಮನೆಯಲ್ಲಿದ್ದವರು ಮೊರೀನ್. ಸ್ಕೂಲಿನ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾಗಿದ್ದ, ಹುಟ್ಟಿದ ಮನೆಯಲ್ಲೇ ಉಳಿದಿದ್ದ ಒಂಟಿ ಹೆಂಗಸು. ಶನಿವಾರಗಳಂದು ನಾವಿಬ್ಬರೂ ಒಂದು ಚಾರಿಟಿ ಅಂಗಡಿಯಲ್ಲಿ ಸಂಬಳವಿಲ್ಲದೆ ಕೆಲಸ ಮಾಡುತ್ತಿದ್ದೆವು. ಜನ ದಾನ ಕೊಟ್ಟ ಬಟ್ಟೆ, ಪಾತ್ರೆ, ಪುಸ್ತಕಗಳನ್ನು ವಿಂಗಡಿಸಿ ಮಾರಾಟಕ್ಕೆ ಜೋಡಿಸುವುದು. ಹಳೆಯ ಗ್ರಾಮೊಫೋನ್ ತಟ್ಟೆಗಳು ಬಂದರೆ ಮೊರೀನ್ ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಅವರು ಹುಡುಕುತ್ತಿದ್ದದ್ದು ಒಂದೇ ಒಂದು ಹಾಡನ್ನು.

ಅವರ ಹರೆಯದಲ್ಲಿ ಇಲ್ಲಿ ನ್ಯೂ ವೇವ್ ಎಂಬ ರಾಕ್ ಸಂಗೀತದ ಅಲೆ ಎದ್ದಿತ್ತಂತೆ. ಈ ಊರಿನ ನಾಲ್ಕು ಹುಡುಗರ ತಂಡವೊಂದು ಹೊರತಂದ ಎರಡನೆಯ ತಟ್ಟೆಯೇ ದೇಶವೆಲ್ಲ ಗುನುಗುವಂತಾಯಿತು. ನಾನೂ ಕೇಳಿದ್ದೇನೆ. ಚುರುಕಾದ ಗಿಟಾರ್, ತಣ್ಣಗೆ ಕೊರೆಯುವ ಸಿಂಥಸೈಸರ್. 'ಮೆಟ್ಟಿಲಿಳಿದು ಬಾ, ಟ್ರೇನ್ ಹೊರಟಿದೆ' ಎಂಬ ಅರ್ಥದ ಪಲ್ಲವಿ. ಆ ಮಾತು, ಆ ಧಾಟಿ ಎರಡೂ ಮೊರೀನ್ ಅವರದು. ಕಾಯಿಲೆಯ ತಾಯಿಯನ್ನು ಮಲಗಿಸಿ ಅಡುಗೆಮನೆಯಲ್ಲಿ ಕೂತು ಕಟ್ಟಿದ ಹಾಡು. ಹಾಡಿದವನು ಅವರನ್ನು ಮದುವೆಯಾಗಬೇಕಿದ್ದವನು. ತಟ್ಟೆಯ ಮೇಲೆ ಅವನ ಹೆಸರೊಂದೇ ಬಂತು. ನನ್ನ ಹೆಸರೆಲ್ಲಿ ಎಂದು ಪಬ್ಬಿನಲ್ಲಿ ಎಲ್ಲರೆದುರು ಮೊರೀನ್ ಕೇಳಿದ್ದಕ್ಕೆ ಅವನು, “ಇವಳಾ? ಇವಳು ನಮಗೆ ಟೀ ಮಾಡಿಕೊಡ್ತಾಳೆ” ಎಂದು ನಕ್ಕನಂತೆ. ಆಮೇಲೆ ಲಂಡನ್‌ಗೆ ಹೋದವನು ತಿರುಗಿ ಬರಲಿಲ್ಲ.

ವಯಸ್ಸಿಗೆ ಮರ್ಯಾದೆ ಕೊಟ್ಟು ಅವನನ್ನು 'ಅವರು' ಎನ್ನಬೇಕು. ನನ್ನ ನಾಲಿಗೆ ಏಳುವುದಿಲ್ಲ.

ಆ ತಟ್ಟೆ ಅಂಗಡಿಗೆ ಬಂದಾಗಲೆಲ್ಲ ಮೊರೀನ್ ಅದನ್ನು ತಾವೇ ಕೊಂಡು ಮನೆಗೆ ಒಯ್ಯುತ್ತಿದ್ದರು. ಅವರ ತಾಯಿ ಟೋಪಿ ಕಾರ್ಖಾನೆಯಲ್ಲಿದ್ದವರು. ಟೋಪಿಯನ್ನು ಕೂದಲಿಗೆ ಸಿಕ್ಕಿಸುವ ಅವರ ಉದ್ದನೆಯ ಪಿನ್ನು ಮೊರೀನ್ ಬಳಿ ಇತ್ತು. ಅದರಿಂದ, ಪಲ್ಲವಿಯ 'ಟ್ರೇನ್' ಬರುವ ಜಾಗಕ್ಕೆ ಸರಿಯಾಗಿ, ಒಂದು ಗೀರು. ಆಮೇಲೆ ಅದನ್ನು ಇನ್ನೊಂದು ಊರಿನ ಚಾರಿಟಿ ಅಂಗಡಿಯಲ್ಲಿ ಇಟ್ಟು ಬರುವುದು.

“ಒಡೆದು ಹಾಕಬಹುದಲ್ಲಾ?” ಎಂದು ಕೇಳಿದ್ದೆ.

“ಒಡೆದರೆ ಸತ್ತುಹೋಗುತ್ತೆ. ನನಗೆ ಅದು ಊರೂರು ಕುಂಟಿಕೊಂಡು ತಿರುಗಬೇಕು” ಎಂದರು. ಆ ಮಾತು ಆಡುವಾಗ ಅವರ ಮುಖ ಬೆಳಗಿತ್ತು.

ಒಂದು ಚಳಿಗಾಲ ಮೊರೀನ್ ಹೃದಯದ ತೊಂದರೆಯಿಂದ ತೀರಿಕೊಂಡರು. ಶವಸಂಸ್ಕಾರಕ್ಕೆ ಬಂದವರು ಅಂಗಡಿಯವರು ಮತ್ತು ನಾವು ಗಂಡ ಹೆಂಡತಿ, ಅಷ್ಟೆ. ಮುಂದಿನ ಬೇಸಿಗೆಯ ಹೊತ್ತಿಗೆ ಊರಲ್ಲಿ ಪೋಸ್ಟರ್ ಬಿತ್ತು: ಹಳೆಯ ತಂಡ ಮತ್ತೆ ಒಂದಾಗುತ್ತಿದೆ, ಅವನು ಇಲ್ಲಿನ ಗ್ರಾಮೊಫೋನ್ ತಟ್ಟೆಗಳ ಅಂಗಡಿಗೆ ಬಂದು ಅಭಿಮಾನಿಗಳ ಜೊತೆ ಮಾತಾಡುತ್ತಾನೆ. ಎಲ್ಲರೆದುರು ಅವನ ಮಾನ ತೆಗೆಯಬೇಕು ಎಂದು ನಿರ್ಧರಿಸಿ ಹೊರಟೆ. ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ನಮ್ಮ ಮನೆಯವರಿಗೆ ಅಂದು ಡ್ಯೂಟಿ ಇರಲಿಲ್ಲ. “ನೀ ಒಬ್ಬಾಕಿನೇ ಹೋಗಬ್ಯಾಡ, ಜಗಳಾ ತಗದು ಬರತಿ” ಎಂದು ಅವರೂ ಬಂದರು.

ಅಂಗಡಿ ತುಂಬಿತ್ತು. ನರೆಗೂದಲು ಬಾಚಿ ಹಿಂದಕ್ಕೆ ಕಟ್ಟಿದ್ದ ಅವನು ನಗುನಗುತ್ತ ಹೇಳಿದ: “ಆ ಹಾಡು ಇದೇ ಊರಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ತಾನಾಗಿ ಬಂತು. ಆಕಾಶದಿಂದ ಉದುರಿದ ಹಾಗೆ.” ಕೈ ಎತ್ತಿದೆ. ಅವನು ನೋಡಲಿಲ್ಲ. ಇಷ್ಟು ವರ್ಷ ಜೋಪಾನ ಮಾಡಿದ್ದ ತನ್ನ ಸ್ವಂತ ತಟ್ಟೆಯನ್ನು ಕವರಿನಿಂದ ತೆಗೆದು ಯಂತ್ರಕ್ಕೆ ಹಾಕಿ ಮುಳ್ಳು ಇಟ್ಟ.

ಮೊದಲ ಚರಣ ಸರಾಗವಾಗಿ ಬಂತು. ಪಲ್ಲವಿಯಲ್ಲಿ ಮುಳ್ಳು ಸಿಕ್ಕಿಕೊಂಡಿತು. ಟ್ರೇನ್, ಟ್ರೇನ್, ಟ್ರೇನ್. ಅಂಗಡಿಯಾತ ತಟ್ಟೆಯನ್ನು ದೀಪಕ್ಕೆ ಹಿಡಿದು ನೋಡಿದ. ಒಂದು ಗೀರೂ ಇರಲಿಲ್ಲ. ಬೇರೆ ಹಾಡಿನ ತಟ್ಟೆ ಹಾಕಿದರೆ ಅದು ಚೆನ್ನಾಗಿಯೇ ಹಾಡಿತು.

“ಹಳೆಯ ಯಂತ್ರಗಳ ಕಥೆಯೇ ಇಷ್ಟು” ಎಂದು ನಗಿಸಿ ಅವನು ಗಿಟಾರ್ ಎತ್ತಿಕೊಂಡ. ಒಳ್ಳೆಯ ದನಿ, ಸುಳ್ಳು ಹೇಳುವುದಿಲ್ಲ. ಪಲ್ಲವಿಗೆ ಬಂದ. “ಟ್ರೇನ್” ಎಂದ. ಮತ್ತೆ “ಟ್ರೇನ್” ಎಂದ. ಕೈ ತಂತಿಯ ಮೇಲೆ ಅದೇ ಒಂದು ಮೀಟು, ಬಾಯಲ್ಲಿ ಅದೇ ಒಂದು ಪದ, ಒಂದೇ ಏರಿಳಿತದಲ್ಲಿ. ಜನ ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಆಮೇಲೆ ಅವನ ಕಣ್ಣು ಕಂಡರು. ಬಾಯಿ ಹಾಡುತ್ತಿತ್ತು, ಕಣ್ಣು 'ಬಿಡಿಸಿ' ಎನ್ನುತ್ತಿತ್ತು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಚಪ್ಪಾಳೆ ನಿಂತು ಅಂಗಡಿಯಲ್ಲಿ ಆ ಒಂದು ಪದ ಮಾತ್ರ ಉಳಿಯಿತು. ಎಲ್ಲರೂ ಹೆದರಿದ್ದರು. ನನ್ನೊಳಗೆ ಮಾತ್ರ, ಏಕೆ ಮುಚ್ಚಿಡಲಿ, ಸಿಹಿ ಊಟ ಮಾಡಿದಂಥ ತೃಪ್ತಿ. ಇನ್ನೂ ಆಗಲಿ ಎನ್ನಿಸುತ್ತಿತ್ತು.

ನಮ್ಮ ಮನೆಯವರು ಮುನ್ನುಗ್ಗಿ ಅವನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಆಗ ನಿಂತಿತು. ನಾಡಿ ನೋಡಿ, ಕೈಕಾಲು ಆಡಿಸಿ ನೋಡಿ, ಆಂಬುಲೆನ್ಸಿಗೆ ಫೋನ್ ಮಾಡಿಸಿದರು. ಅವನು ನೀರು ಕುಡಿದು, ನೀವು ಯಾರು, ಎಲ್ಲಿರುತ್ತೀರಿ ಎಂದು ಕೇಳಿದ. ಇವರು ನಮ್ಮ ಬೀದಿಯ ಹೆಸರು ಹೇಳಿದರು. ಅವನು ಮುಖ ಎತ್ತಿ ನನ್ನನ್ನು ನೋಡಿದ.

“ಆ ಬೀದಿಯಲ್ಲಿ ಮೊರೀನ್ ಅಂತ ಒಬ್ಬರು...”

“ನಮ್ಮ ಪಕ್ಕದ ಮನೆ. ಚಳಿಗಾಲದಲ್ಲಿ ತೀರಿಕೊಂಡರು.”

ಅವನು ನೀರಿನ ಲೋಟ ಕೆಳಗಿಟ್ಟ. ಆಮೇಲೆ ಮಗುವಿನಂತೆ ಕೇಳಿದ: “ನನ್ನ ಬಗ್ಗೆ ಏನಾದರೂ ಹೇಳ್ತಿದ್ದಳಾ? ಬೈತಿದ್ದಳಾ?”

“ಇಲ್ಲ” ಎಂದೆ. “ನಿಮ್ಮ ಹೆಸರನ್ನೇ ನಾನು ಅವರ ಬಾಯಲ್ಲಿ ಕೇಳಿಲ್ಲ.”

ಅವನ ಮುಖ ಆ ಕ್ಷಣಕ್ಕೆ ಮುದಿಯಾಯಿತು.

ಆಸ್ಪತ್ರೆಯ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲವೆಂದು ಆಮೇಲೆ ಅಂಗಡಿಯಾತ ಹೇಳಿದ. ತಂಡ ಊರೂರಲ್ಲಿ ಹಾಡಿತಂತೆ, ಆ ಹಾಡೊಂದನ್ನು ಬಿಟ್ಟು. “ಮಿದುಳಿಗೆ ರಕ್ತ ಕಡಿಮಿ ಆದ್ರ ಹಿಂಗ ಆಗತೈತಿ” ಎಂದು ನಮ್ಮ ಮನೆಯವರು ಇಂದಿಗೂ ಹೇಳುತ್ತಾರೆ. ತಟ್ಟೆಗೆ ಯಾವ ರಕ್ತ ಕಡಿಮೆಯಾಗಿತ್ತು ಎಂದು ನಾನೂ ಇಂದಿಗೂ ಕೇಳುತ್ತೇನೆ.

ನನಗೆ ಅದಕ್ಕಿಂತ ಬಿಡಿಸಲಾಗದ್ದು ನನ್ನದೇ ಮಾತು. ನಾನು ಹೋದದ್ದು ಬೈಯಲಿಕ್ಕೆ. ಬೈದಿದ್ದರೆ ಅವನಿಗೆ ಸಮಾಧಾನವೇ ಆಗುತ್ತಿತ್ತೇನೋ. ನಾನು ಸಿಟ್ಟಿನ ಹೆಂಗಸು, ಹೌದು, ಕೂಗಾಡುತ್ತೇನೆ, ಅಳುತ್ತೇನೆ. ಅಷ್ಟು ತಣ್ಣಗೆ, ಅಷ್ಟು ಗುರಿಯಿಟ್ಟು ಒಬ್ಬರನ್ನು ಇರಿಯುವುದು ನನಗೆ ಗೊತ್ತಿರಲಿಲ್ಲ. ಆ ಸುಳ್ಳು ಯೋಚಿಸುವ ಮೊದಲೇ ನನ್ನ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಅದನ್ನು ಅಲ್ಲಿಟ್ಟವರು ಯಾರೋ, ನನಗೆ ಇನ್ನೂ ತಿಳಿದಿಲ್ಲ.