ಊಟದ ಡಬ್ಬಿಯಲ್ಲಿ ಆನೆ ಲದ್ದಿ

ಕೀನ್ಯಾದ ಸಫಾರಿ ಮುಗಿಸಿ ಸಿಡ್ನಿಯಲ್ಲಿ ಇಳಿದೆವು. ಹೊರದೇಶದ ಮಣ್ಣು, ಬೀಜ, ಪ್ರಾಣಿಗಳ ವಸ್ತು ಒಳಗೆ ಬಾರದಂತೆ ತಪಾಸಣೆ ಮಾಡುವ ಮೇಜಿನಲ್ಲಿ, ಅಂಥದ್ದೇನೂ ಇಲ್ಲವೆಂದು ಬರೆದ ಫಾರಂ ಕೊಟ್ಟೆ. ಅಷ್ಟರಲ್ಲಿ ಎಂಟು ವರ್ಷದ ಮಗಳು ಅದಿತಿ, "ಅಮ್ಮಾ, ಐ ಹ್ಯಾವ್ ಒನ್ ಥಿಂಗ್" ಎಂದು ತನ್ನ ಬ್ಯಾಗಿನಿಂದ ಊಟದ ಡಬ್ಬಿ ತೆಗೆದಳು. ಒಳಗಿದ್ದದ್ದು ಸಗಣಿಹುಳು ಉರುಳಿಸಿದ ಆನೆ ಲದ್ದಿಯ ಉಂಡೆ.

ನನಗೆ ತಲೆ ಕೆಟ್ಟುಹೋಯಿತು. ನಾಲ್ಕು ದಿನ ಜೀಪಿನಲ್ಲಿ "ಸಿಂಹ ನೋಡೇ, ಜಿರಾಫೆ ನೋಡೇ" ಎಂದು ಗೋಗರೆದರೂ ಟ್ಯಾಬಿನಿಂದ ತಲೆಯೆತ್ತದವಳು ಇದನ್ನು ಯಾವಾಗ ಎತ್ತಿಕೊಂಡಳೋ. ಹಿಂದೆ ಉದ್ದನೆಯ ಕ್ಯೂ ಬೇರೆ.

"ಇದನ್ಯಾಕೆ ತಂದೆ?"

"ದೇರ್ಸ್ ಎ ಬೇಬಿ ಬೀಟಲ್ ಇನ್‌ಸೈಡ್. ಗೈಡ್ ಅಂಕಲ್ ಸೆಡ್."

ಮೇಜಿನ ಹಿಂದಿದ್ದ ಅಧಿಕಾರಿ ಹೆಂಗಸು ಗದರಲಿಲ್ಲ. ನಿಜ ಹೇಳಿದ್ದಕ್ಕೆ ಅದಿತಿಗೆ ಥ್ಯಾಂಕ್ಸ್ ಹೇಳಿ, ಇದನ್ನು ನಾಶ ಮಾಡಲೇಬೇಕೆಂದು ಮೆತ್ತಗೆ ತಿಳಿಸಿ ಕೈ ಚಾಚಿದರು.

ಮನೆಯಲ್ಲಿ ಎಷ್ಟು ಕೇಳಿಕೊಂಡರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಅವರಿಗೆ ತಿಳಿಯಬಾರದೆಂದು ನನ್ನ ಕಿವಿಯಲ್ಲಿ ಕೇಳಿದಳು: "ಅಮ್ಮಾ, ಮರೀನ ಸಾಯಿಸ್ತಾರಾ?"

"ಹೂಂ, ಪುಟ್ಟಿ."

ಅವಳು ಡಬ್ಬಿಯನ್ನು ಎದೆಗವಚಿಕೊಂಡಳು. ಒಂದೊಂದೇ ಬೆರಳನ್ನು ನಾನೇ ಬಿಡಿಸಬೇಕಾಯಿತು.